ಮಾವನವರಿಗೆ ಇಂಗ್ಲಿಷ್ ನುಡಿಗಟ್ಟು ಕಲಿಸಿದ್ದು

ಅರ್ಥ ಕೇಳಿದವರನ್ನು ಸುಮ್ಮನೆ ಬಿಟ್ಟು ಕಳಿಸುವ ಶಕ್ತಿಯನ್ನು ದೇವರು ನನಗೆ ಕೊಟ್ಟಿಲ್ಲ. ಜೇವರ್ಗಿ ಕಾಲೋನಿಯಲ್ಲಿ ಇಂಗ್ಲಿಷ್ ಟ್ಯೂಷನ್ ಹೇಳುವವನು ನಾನು. ಹಾಲಿನವನು ಒಂದು ಪದದ ಅರ್ಥ ಕೇಳಿದರೂ ಸಾಕು, ಬಾಗಿಲಲ್ಲೇ ಪಾಠ ಶುರು. ಅದೂ ಕಣ್ಣು ಮುಚ್ಚಿಕೊಂಡು! ತೆರೆದರೆ ಕೇಳುವವರ ಆಕಳಿಕೆ ಕಂಡು ಉತ್ಸಾಹ ಇಳಿಯುತ್ತದೆ ನೋಡಿ.

ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಕಮಲಾಪುರದಿಂದ ಮಾವನವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದರು. ರಕ್ತದ ಸಕ್ಕರೆ ಇಳಿಯದೆ ಆಪರೇಷನ್ ಇಲ್ಲ, ವಾರ ಬಿಟ್ಟು ಬನ್ನಿ ಎಂದರು ಡಾಕ್ಟರು. ಮಾವನವರೋ ಕೆಂಪು ಬಾಳೆಯ ತೋಟದವರು. ಮೊಮ್ಮಕ್ಕಳಿಗೆಂದು ಒಂದು ಗೊನೆಯನ್ನೇ ತಂದಿದ್ದರು. ಅದು ಪಡಸಾಲೆಯ ಮೂಲೆಯಲ್ಲಿ ಹಣ್ಣಾಗಿ ಮನೆಯೆಲ್ಲ ಘಮಘಮ. ಅವರ ಕಣ್ಣು ಮಂಜಾಗಿತ್ತೇ ಹೊರತು ಮೂಗು ಚುರುಕಾಗಿಯೇ ಇತ್ತು.

ಕೆಲಸಕ್ಕೆ ಹೊರಟ ಹೆಂಡತಿ, "ರೀ, ಅಪ್ಪ ಒಂದ ಹಣ್ಣೂ ಮುಟ್ಟಂಗಿಲ್ಲ ನೋಡ್ರಿ. ಆಪರೇಷನ್ ತಪ್ಪಿದ್ರ ನಿಮ್ಮನ್ನ ಕೇಳ್ತೀನಿ" ಎಂದು ತಾಕೀತು ಮಾಡಿದಳು. ಗೊನೆಯನ್ನು ಒಳಗಿಡುವುದು ಬೇಡ, ನಾನಿಲ್ಲವೇ ಎಂದು ಎದೆ ತಟ್ಟಿಕೊಂಡೆ.

ಮಧ್ಯಾಹ್ನ ಮಾವನವರು ಗೊನೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. "ಅಳಿಯಂದ್ರ, ಮುಂಜಾನೆ ನಿಮ್ಮ ಟ್ಯೂಷನ್ ಹುಡುಗ್ರು 'ಪುಲ್ ದ ವೂಲ್' ಅಂತ ಒದರಾಕತ್ತಿದ್ರಲ್ಲ, ಅದೇನ್ರಿ?"

ನನಗೆ ರೆಕ್ಕೆ ಬಂತು. ಕಣ್ಣು ಮುಚ್ಚಿದೆ. "ಪುಲ್ ದ ವೂಲ್ ಓವರ್ ಒನ್ಸ್ ಐಸ್, ಮಾವಾರ! ಒಬ್ರ ಕಣ್ಣ ಮ್ಯಾಲೆ ಉಣ್ಣಿ ಎಳಿಯೋದು. ಅಂದ್ರ ಎದುರಿಗೇ ಇದ್ದು ಮೋಸ ಮಾಡೋದು. ನಾವು ಕಣ್ಣಿಗೆ ಮಣ್ಣು ಎರಚೋದು ಅಂತೀವಲ್ಲ, ಹಂಗ."

"ಇಂಥಾ ಬಿಸಿಲಾಗ ಉಣ್ಣಿ ಯಾಕ್ರಿ?"

ಎಂಥ ಪ್ರಶ್ನೆ! ಹಿಗ್ಗಿಹೋದೆ. ಉಣ್ಣೆಯಂಥ ಹುಸಿಗೂದಲಿನ ಟೋಪನ್ ತೊಡುತ್ತಿದ್ದ ಹಿಂದಿನ ಕಾಲದ ಸಾಹೇಬರು, ಅದನ್ನು ಕಣ್ಣಿಗೆಳೆದು ಜೇಬು ಕತ್ತರಿಸುತ್ತಿದ್ದ ಕಳ್ಳರು, ಎಲ್ಲ ಕಥೆಯನ್ನೂ ಬಣ್ಣಿಸಿದೆ. ಮಾವನವರು "ಹೌದೇನ್ರಿ? ಮುಂದ?" ಎನ್ನುತ್ತಲೇ ಇದ್ದರು. ದನಿ ಯಾಕೋ ತುಂಬಿ ಬಂದಂತಿತ್ತು, ಭಾವುಕರಾಗಿದ್ದಾರೆ ಎಂದುಕೊಂಡೆ. ಮರುದಿನ, "ನಿನ್ನಿದು ಮರ್ತೀನ್ರಿ, ಇನ್ನೊಮ್ಮೆ ಹೇಳ್ರಿ" ಎಂದರು. ವಾರವಿಡೀ ಹೇಳಿದೆ. ಗೊನೆ ಕರಗುತ್ತಿತ್ತು, ಮಕ್ಕಳು ತಿನ್ನುತ್ತಿದ್ದಾರೆ, ತಿನ್ನಲಿ ಎಂದುಕೊಂಡೆ.

ಪರೀಕ್ಷೆಯಲ್ಲಿ ಸಕ್ಕರೆ ಮೊದಲಿಗಿಂತ ಏರಿತ್ತು. ಆಪರೇಷನ್ ಮುಂದಕ್ಕೆ ಹೋಯಿತು. "ನೀವು ಎಲ್ಲಿದ್ರಿ?" ಎಂದು ಹೆಂಡತಿ ದವಾಖಾನೆಯಲ್ಲೇ ಕೆಂಡವಾದಳು. "ಎದುರಿಗೇ ಕುಂತಿದ್ನಲ್ಲ" ಎಂದೆ.

ಮಾವನವರು ತಲೆ ತಗ್ಗಿಸಿ, "ಅವರದೇನೂ ತಪ್ಪಿಲ್ಲವ್ವಾ. ಅರ್ಥ ಅವರು ಹೇಳಿದ್ರು, ಉಪಯೋಗ ನಾ ಮಾಡೀನಿ" ಎಂದರು.

ನನಗೆ ಸಿಟ್ಟು ಬರಬೇಕಿತ್ತು. ಆದರೆ ಇಷ್ಟು ವರ್ಷಗಳಲ್ಲಿ ನಾನು ಹೇಳಿಕೊಟ್ಟ ನುಡಿಗಟ್ಟನ್ನು ಒಬ್ಬ ವಿದ್ಯಾರ್ಥಿಯೂ ಇಷ್ಟು ಶುದ್ಧವಾಗಿ ಬಳಸಿರಲಿಲ್ಲ! "ಶಾಬಾಶ್ ಮಾವಾರ!" ಎಂದುಬಿಟ್ಟೆ.

ನಮ್ಮಿಬ್ಬರನ್ನೂ ಕಾಯಲು ಮರುದಿನವೇ ಅತ್ತೆಯವರು ಬಂದಿಳಿದರು. ಸಕ್ಕರೆ ಇಳಿಯಿತು, ಆಪರೇಷನ್ನೂ ಆಯಿತು. ಅತ್ತೆಯವರಿಗೆ ಇಂಗ್ಲಿಷಿನ ಮೇಲೆ ಎಳ್ಳಷ್ಟೂ ಕುತೂಹಲವಿಲ್ಲ. ಯಾವುದಾದರೂ ಅರ್ಥ ಬೇಕೇ ಎಂದು ನಾನೇ ಎರಡು ಸಲ ಕೇಳಿ ನೋಡಿದೆ.