ತಂಗಿಗೊಂದು ಸೀರೆ

ನಾವು ಗಂಡ ಹೆಂಡತಿ ಮತ್ತಿಗಿರಿಯಿಂದ ಹೊಸೂರು ಪೇಟೆಗೆ ಹೊರಟರೆ ಏನಾದರೊಂದು ಆಗದೆ ವಾಪಸ್ಸು ಬಂದದ್ದೇ ಇಲ್ಲ. ಮೊನ್ನೆ ಫ್ಯಾಕ್ಟರಿಗೆ ರಜೆ, ಬಿಸಿಲೂ ಹಿತವಾಗಿತ್ತು. ಮರುದಿನ ಮೂಕಂಡಪಲ್ಲಿಯಲ್ಲಿ ನನ್ನ ತಂಗಿಯ ಗೃಹಪ್ರವೇಶ. ನಮ್ಮ ಗೃಹಪ್ರವೇಶಕ್ಕೆ ಅವಳು ಸೀರೆ ಕೊಟ್ಟಿದ್ದಳು. ಈಗ ಅದಕ್ಕೆ ಸರಿಸಮನಾದ ಮುಯ್ಯಿ ನಾವು ಮಾಡಬೇಕು. ಕಡಿಮೆಯಾದರೆ ತಂಗಿಯ ಮುಖ ಊದುತ್ತದೆ, ಜಾಸ್ತಿಯಾದರೆ ಹೆಂಡತಿಯದು. ಎರಡೂ ಮುಖ ನೋಡಬೇಕಾದವನು ನಾನು.

ಕಿಟಕಿ ಸೀಟು

"ಬೈಕ್ ತೆಗೀತೀನಿ" ಅಂದೆ.

"ಪೆಟ್ರೋಲ್ ಯಾಕೆ ದಂಡ? ಟೌನ್ ಬಸ್ಸಲ್ಲಿ ಹೆಂಗಸ್ರಿಗೆ ಬಿಟ್ಟಿ" ಅಂದಳು ಹೆಂಡತಿ.

ಎರಡು ಪ್ರೈವೇಟ್ ಬಸ್ಸು ಹೋದವು, ಮೂರು ಆಟೋ ಹೋದವು. ಮುಕ್ಕಾಲು ಗಂಟೆ ಕಾದ ಮೇಲೆ ಬಿಟ್ಟಿ ಬಸ್ಸು ಬಂತು. ನಾನು ದುಡ್ಡು ಕೊಟ್ಟು ನೇತಾಡಿದೆ. ಬಸ್ ಸ್ಟ್ಯಾಂಡ್ ಬಂದು ಎಲ್ಲರೂ ಇಳಿದರೂ ಇವಳು ಏಳಲಿಲ್ಲ.

"ಇಳೀಲ್ವಾ?"

"ಈಗ್ ತಾನೇ ಕಿಟಕಿ ಸೀಟು ಸಿಕ್ತು. ಬಿಟ್ಟಿ ತಾನೇ, ಇನ್ನೊಂದ್ ರೌಂಡ್ ಹೋಗಿ ಬತ್ತೀನಿ, ನೀವ್ ಇಲ್ಲೇ ನಿಂತಿರಿ."

ತಟ್ಟೆ

ಇಪ್ಪತ್ತೆರಡು ವರ್ಷದಿಂದ ನನ್ನ ಮಧ್ಯಾಹ್ನದ ಊಟ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ. ಹತ್ತು ನಿಮಿಷದಲ್ಲಿ ತಿನ್ನಬೇಕು, ತಟ್ಟೆ ನಾವೇ ಎತ್ತಿಕೊಂಡು ಹೋಗಿ ತೊಟ್ಟಿಗೆ ಹಾಕಬೇಕು. ಪೇಟೆಯಲ್ಲಿ ಊಟಕ್ಕೆ ಹೋದ ಹೋಟೆಲಿನಲ್ಲೂ ಕೈ ಅದನ್ನೇ ಮಾಡಿತು. ನನ್ನ ತಟ್ಟೆ, ಹೆಂಡತಿಯ ತಟ್ಟೆ ಎತ್ತಿಕೊಂಡು ಅಡುಗೆಮನೆ ಕಡೆ ನಡೆದೆ. ಮೈಮೇಲೆ ಹಳೇ ಯೂನಿಫಾರಂ ಶರ್ಟು ಬೇರೆ. ಪಕ್ಕದ ಟೇಬಲ್ಲಿನವನು ತನ್ನ ತಟ್ಟೆಯನ್ನೂ ಮೇಲಿಟ್ಟು, "ಅಣ್ಣಾ, ಹಂಗೇ ಒಂದ್ ಲೋಟ ಮಜ್ಜಿಗೆ" ಅಂದ. ಮಜ್ಜಿಗೆಯನ್ನೂ ತಂದುಕೊಟ್ಟೆ.

ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಮಾಲೀಕ ಎಲ್ಲ ನೋಡಿದ್ದ. "ಯಜಮಾನ್ರೇ, ನಾಳೆಯಿಂದ ನಮ್ಮಲ್ಲಿಗೇ ಬಂದ್ಬುಡಿ!"

ನನ್ನ ಹೆಂಡತಿ ತಡೆದಳು. "ಮನೇಲಿ ಕುಡಿದ ಲೋಟಾನೂ ಎತ್ತಿಡಲ್ಲ ಇವ್ರು. ನಂಬ್ಕೊಂಡು ಕೆಟ್ಟೀರಾ!"

ಅರಿಶಿನ

ಸೀರೆ ಅಂಗಡಿಯ ಹೆಂಗಸು ತಮಿಳಿನಲ್ಲಿ ಮಾತು ಶುರುಮಾಡಿ, ನಾವಿಬ್ಬರು ಗುಸುಗುಸು ಅಂದದ್ದು ಕೇಳಿ ಕನ್ನಡಕ್ಕೆ ಬಂದಳು. ನನ್ನ ಹೆಂಡತಿ ಚೀಲದಿಂದ ತಂಗಿ ಕೊಟ್ಟಿದ್ದ ಸೀರೆಯನ್ನೇ ತೆಗೆದು ಮುಂದಿಟ್ಟಳು. ಕವರನ್ನೂ ಬಿಚ್ಚಿರಲಿಲ್ಲ.

"ಇಷ್ಟೇ ಬೆಲೆದು ತೋರ್ಸಮ್ಮ. ಹೆಚ್ಚೂ ಬ್ಯಾಡ, ಕಮ್ಮೀನೂ ಬ್ಯಾಡ."

ಹೊಸ ಬಟ್ಟೆ ಕೊಡುವ ಮುಂಚೆ ಅದರ ಮೂಲೆಗೆ ಒಂದಿಷ್ಟು ಅರಿಶಿನ ಹಚ್ಚುವುದು ನಮ್ಮಲ್ಲಿ ರೂಢಿ. ಅಂಗಡಿಯವಳು ಸೀರೆ ಬಿಚ್ಚಿ ಸೆರಗಿನ ಮೂಲೆ ನೋಡಿ ನಕ್ಕಳು. "ಅಕ್ಕಾ, ನಾಕು ಕಡೆ ಅರಿಶಿನ ಐತೆ. ಈ ಸೀರೆ ನಾಕು ಮನೆ ಸುತ್ಕೊಂಡು ಬಂದೈತೆ!"

ಹೆಂಡತಿ ನನ್ನ ಕಡೆ ತಿರುಗಿದಳು. "ನೋಡುದ್ರಾ ನಿಮ್ ತಂಗಿ ಬುದ್ಧೀನಾ? ಯಾರೋ ಕೊಟ್ಟಿದ್ದನ್ನ ನಂಗೆ ದಾಟ್ಸವಳೆ!"

ನನಗೆ ತಲೆ ಎತ್ತಲಾಗಲಿಲ್ಲ. ಇನ್ನು ನಾಳೆ ತಂಗಿಯ ಮನೆಗೆ ಬರಿಗೈಯಲ್ಲಿ ಹೋಗುವುದೇ ಗತಿ ಅಂದುಕೊಂಡೆ. ಹೆಂಡತಿ ಗುರುತುಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡುತ್ತಿದ್ದಳು. ತೀರಾ ಮಾಸಿದ ಗುರುತಿನ ಹತ್ತಿರ ಬೆರಳು ನಿಂತಿತು. ಬೇರೆಯವು ಬರೀ ಬಳಿದದ್ದು. ಇದು ಮೂರು ಚುಕ್ಕಿ. ನಮ್ಮ ಬಳಗದಲ್ಲಿ ಹಾಗೆ ಮೂರು ಚುಕ್ಕಿ ಇಡುವವಳು ಒಬ್ಬಳೇ, ನನ್ನ ಹೆಂಡತಿ. ಅವಳ ತವರಿನ ಪದ್ಧತಿ ಅದು.

"ಇದು... ನಿಮ್ ಚಿಕ್ಕಮ್ಮನ ಮಗಳ ಸೀಮಂತಕ್ಕೆ ನಾನೇ ಕೊಟ್ಟಿದ್ದಲ್ವಾ?"

ನನಗೆ ಪ್ರಾಣ ಬಂತು. ಇನ್ನು ಇವಳು ತಂಗಿಯನ್ನು ಆಡಿಕೊಳ್ಳುವ ಹಾಗಿಲ್ಲ, ಒಂದು ಒಳ್ಳೆ ಸೀರೆ ತೆಗೆದುಕೊಳ್ಳುತ್ತಾಳೆ ಅಂತ ಸಂತೋಷಪಟ್ಟೆ.

"ಯಾವ ಬಣ್ಣ ತೋರಿಸ್ಲಕ್ಕಾ?" ಅಂದಳು ಅಂಗಡಿಯವಳು.

ಹೆಂಡತಿ ಸೀರೆ ಮಡಿಸಿ ಚೀಲಕ್ಕೆ ಹಾಕಿಕೊಂಡು ಎದ್ದಳು.

"ಯಾವ್ದೂ ಬ್ಯಾಡ ಕಣಮ್ಮ. ನಮ್ದು ನಮಗೇ ವಾಪಸ್ ಬಂದೈತೆ ಅಂದ್ಮ್ಯಾಲೆ ನಮ್ ನಾದಿನಿ ಇನ್ನೂ ನಂಗೆ ಸೀರೇನೇ ಕೊಟ್ಟಿಲ್ಲ. ಮೊದ್ಲು ಅವಳು ಕೊಡ್ಲಿ!"