ಅಯ್ಯಣ್ಣನ ಕರಿಬಟ್ಟೆ

ಅಯ್ಯಣ್ಣನ ಪಜೀತಿಗೆಲ್ಲ ಕಾರಣ ಅವನ ಮನೆಯ ಖಾಲಿ ಗೋಡೆ.

ಅವನು ತೆಗೆದ ಫೋಟೋ ಇಲ್ಲದ ಮನೆ ವನದುರ್ಗದಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಗೌಡರ ಮೀಸೆಯಿಂದ ಹಿಡಿದು ಗೌಡರ ಎತ್ತಿನವರೆಗೆ ಎಲ್ಲರೂ ಅವನ ಕ್ಯಾಮೆರಾದ ಮುಂದೆ ಉಸಿರು ಬಿಗಿಹಿಡಿದು ನಿಂತವರೇ. ಅವನ ಮನೆಯ ಗೋಡೆಗೆ ಮಾತ್ರ ಒಂದು ಮೊಳೆ ಹೊಡೆದಿತ್ತು, ಫೋಟೋ ಇರಲಿಲ್ಲ.

ಅಂದು ಬೆಳಿಗ್ಗೆ ಚಹಾಕ್ಕೆ ಬಂದ ಭಗವಂತರಾಯ ಮಾಸ್ತರರ ಕಣ್ಣಿಗೆ ಆ ಮೊಳೆ ಬಿತ್ತು. ಹೈದರಾಬಾದ್ ಸೀಮೆಯ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಿನ್ನೆ ಮೊನ್ನೆಯವರೆಗೆ ಉರ್ದು ಕಲಿಸುತ್ತಿದ್ದ ಮಾಸ್ತರರು ಈಗ ಬದನೆಕಾಯಿ ಮಾತು ತೆಗೆದರೂ ಅದನ್ನು ಏಕೀಕರಣಕ್ಕೆ ತಂದು ಮುಟ್ಟಿಸುತ್ತಿದ್ದರು.

"ಎಲ್ಲೆಲ್ಲೋ ಚದುರಿದ್ದ ಕನ್ನಡದವರೆಲ್ಲ ಒಂದಾದ್ರು. ನಿಮ್ಮ ಮನಿಯವರು ಒಂದು ಫೋಟೋದಾಗ ಕೂಡವಲ್ರು ನೋಡು, ಅಯ್ಯಣ್ಣ. ದೀಪದ ಬುಡಕ ಕತ್ತಲ ಅಂದಂಗಾತು" ಎಂದು ಚಹಾದ ಬಸಿ ಕೆಳಗಿಟ್ಟು ಹೋದರು.

ಮಾತು ನಾಟಿತು. ಕತ್ತಲೆಗೆ ಕಾರಣ ಊರಿಗೆಲ್ಲ ಗೊತ್ತಿದ್ದದ್ದೇ. ಅಯ್ಯಣ್ಣ ಹಿರಿಮಗ, ತಮ್ಮಂದಿರ ಹೆಂಡಂದಿರಾದ ಶೇಖಮ್ಮ, ಮಲ್ಲಿಕಮ್ಮರಿಗೆ ಭಾವ. ಭಾವನಿಗೆ ಮುಖ ತೋರಿಸುವ ಪದ್ಧತಿ ಆ ಮನೆಯಲ್ಲಿ ಇಲ್ಲ. ಅವನು ಹೊಸ್ತಿಲಾಚೆ ನಿಂತು ಒಮ್ಮೆ ಕೆಮ್ಮಬೇಕು, ಒಳಗೆ ಎರಡು ಸೆರಗು ಮುಖದ ಮೇಲೆ ಇಳಿಯಬೇಕು, ಆಮೇಲೆ ಅವನು ಒಳಗೆ ಬರಬೇಕು. ಬಳೆಯ ಸದ್ದಾದರೆ ಶೇಖಮ್ಮ, ಕಾಲುಂಗುರದ ಸದ್ದಾದರೆ ಮಲ್ಲಿಕಮ್ಮ, ಅಷ್ಟೇ ಅವನಿಗೆ ಗೊತ್ತಿದ್ದದ್ದು. ಒಮ್ಮೆ ಶಹಾಪುರದ ಬಜಾರದಲ್ಲಿ ಮುಂದೆ ಹೋಗುತ್ತಿದ್ದ ಹೆಣ್ಣುಮಗಳನ್ನು "ಫೋಟೋ ತೆಗೆಸ್ತೀರೇನವ್ವಾ?" ಎಂದು ಹಿಂದಿನಿಂದ ಕರೆದು, ಅವಳು ಸೆರಗೆಳೆದುಕೊಂಡು ಓಡಿದಾಗ ಬಳೆ ಸದ್ದಿನಿಂದ ಗುರುತು ಹಿಡಿದು ನಾಚಿ ನೀರಾಗಿದ್ದ.

ಆದರೆ ಆ ಇಬ್ಬರ ಮೇಲೆ ಅವನಿಗಿದ್ದ ಅಭಿಮಾನ ಸಣ್ಣದಲ್ಲ. ವಿಷಮಜ್ವರ ಬಂದು ಮಲಗಿದ್ದಾಗ ಬಾಗಿಲ ಸಂದಿನಿಂದ ಬಿಸಿ ಗಂಜಿಯ ಗಂಗಾಳ ಹೊತ್ತು ಹೊತ್ತಿಗೆ ಒಳಗೆ ಸರಿಯುತ್ತಿತ್ತು. ಅವರು ಬಡಿದ ಜೋಳದ ರೊಟ್ಟಿಯ ಮುಂದೆ ಸುರಪುರದ ಮದುವೆಯೂಟ ಸಪ್ಪೆ. ಇಂಥವರ ಮುಖ ಒಮ್ಮೆ ನೋಡಬೇಕು, ಅದೂ ತಾನೇ ತೆಗೆದ ಫೋಟೋದಲ್ಲಿ ನೋಡಬೇಕು ಎನ್ನುವುದೊಂದೇ ಅವನ ಆಸೆ. ಎದುರಿಗೆ ಬರಬಾರದೆಂದು ಶಾಸ್ತ್ರವಿದೆ. ಫೋಟೋದಲ್ಲಿ ಬರಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲವಲ್ಲ.

ತಾಯಿ ಗೊಲ್ಲಾಳಮ್ಮನೆದುರು ವಿಷಯ ತೆಗೆದ.

"ಮಾರಿ ಮುಚ್ಚಿದ ಫೋಟೋ ಯಾಕೋ? ಜ್ವಾಳದ ಚೀಲ ನಿಲ್ಲಿಸಿ ತಗಿ, ಅಷ್ಟ ಛಂದ ಬರ್ತದ" ಎಂದಳು ಅವಳು.

"ಮಾರಿ ತೆರೀಲಿ. ನಾ ಆ ಕಡೆ ತಿರುಗಿ ನಿಂದರ್ತೀನಿ. ನಾಗಣ್ಣ ಕ್ಯಾಮೆರಾದ ಮುಚ್ಚಳ ತೆಗೀತಾನ."

ಗೊಲ್ಲಾಳಮ್ಮ ಯೋಚಿಸಿ ಒಪ್ಪಿದಳು. ಅಯ್ಯಣ್ಣನ ತಮ್ಮ ನಾಗಣ್ಣ ಚಿತ್ರದಲ್ಲಿ ಬಾರದಿದ್ದರೆ ನಷ್ಟವೇನಿಲ್ಲ, ಅವನ ಮಾರಿ ದಿನಾ ನೋಡಿ ಸಾಕಾಗಿದೆ ಎಂಬುದು ಅವಳ ಲೆಕ್ಕ.

ಅಂಗಳದಲ್ಲಿ ಮೂರು ಕಾಲಿನ ಕ್ಯಾಮೆರಾ ನಿಂತಿತು, ಅದರೆದುರು ಮನೆಯವರು ಕೂತರು. ಅಯ್ಯಣ್ಣ ಕರಿಬಟ್ಟೆಯೊಳಗೆ ತಲೆ ತೂರಿಸಿ ತಾಯಿಯ ಮೂಗಿನ ನತ್ತಿಗೆ ನೋಟ ಸರಿಹೊಂದಿಸಿ, ಗಾಜಿನ ಪ್ಲೇಟು ಇಟ್ಟು, ಗೋಡೆಯ ಕಡೆ ಮುಖ ಮಾಡಿ ನಿಂತ. ಅವನ ಹತ್ತಿರ ಉಳಿದಿದ್ದದ್ದು ಮೂರೇ ಪ್ಲೇಟು. ನಾಗಣ್ಣ ಭರಣಿಯ ಬಿರಡೆ ಕೀಳುವ ಹಾಗೆ ಮುಚ್ಚಳ ಕಿತ್ತ. ಮುಚ್ಚಳದ ಜೊತೆ ಕ್ಯಾಮೆರಾವೂ ಬಂತು. ಮೊದಲನೇ ಪ್ಲೇಟು ಪುಡಿಯಾಯಿತು.

"ಸರಿಯೋ ಆಚೆ. ನಾ ತೆಗೀತೀನಿ" ಎಂದು ಗೋಡೆಯ ಮೇಲಿಂದ ಇಣುಕುತ್ತಿದ್ದ ನೆರೆಮನೆಯ ದುರಗಮ್ಮ ಯಾರೂ ಕರೆಯದೆ ಒಳಗೆ ಬಂದಳು. ಅಯ್ಯಣ್ಣ ಎರಡನೇ ಪ್ಲೇಟು ಇಟ್ಟು ಗೋಡೆಗೆ ತಿರುಗಿದ ಮೇಲೆ ನಯವಾಗಿ ಮುಚ್ಚಳ ತೆಗೆದಳು. ತೆಗೆದವಳು ಸುಮ್ಮನೆ ಸರಿಯಬೇಕೋ ಬೇಡವೋ? ಒಳಗೇನಿದೆ ಎಂದು ಕ್ಯಾಮೆರಾದ ಮುಂದಿನ ಗಾಜಿಗೆ ಕಣ್ಣು ಹಚ್ಚಿ ನಿಂತಳು.

"ಏನೂ ಕಾಣವಲ್ದು. ಬರೇ ಕತ್ತಲ" ಎಂದಳು.

ಎರಡನೇ ಪ್ಲೇಟಿನ ತುಂಬ ದುರಗಮ್ಮನ ಕಣ್ಣೇ ಎಂದು ಅಯ್ಯಣ್ಣನಿಗೆ ಗೋಡೆ ನೋಡುತ್ತಲೇ ತಿಳಿಯಿತು. ಅಳು ಬರುವುದೊಂದು ಬಾಕಿ. ಅಷ್ಟರಲ್ಲಿ ಅಂಗಳದ ಗೋಡೆಯ ಮೇಲೆ ಓಣಿಯ ಅರ್ಧ ಜನ ಹತ್ತಿ ಕೂತಿದ್ದರು. ಅವರ ಕಡೆ ನೋಡದೆ ಅವನು ಕೊನೆಯ ಪ್ಲೇಟು ಇಟ್ಟು, ಮತ್ತೆ ಗೋಡೆಯ ಬದಿಗೆ ಸರಿದು, ಕರಿಬಟ್ಟೆಯನ್ನು ತಲೆಯ ಮೇಲೆ ಹೊದ್ದು ಎದೆಯವರೆಗೆ ಎಳೆದುಕೊಂಡ.

"ಅವ್ವಾ, ಈಗ ನಾನ ಸೆರಗು ಹೊದ್ದೀನಿ. ನನಗ ಏನೂ ಕಾಣಂಗಿಲ್ಲ. ಅವರಿಗೆ ಮಾರಿ ತೆರೀಲಿಕ್ಕೆ ಹೇಳು."

ಓಣಿ ಘೊಳ್ಳೆಂದಿತು. "ಮದುಮಗಳು ಬಂದಾಳ್ರಿ, ಆರತಿ ತರ್ರಿ" ಎಂದಳು ದುರಗಮ್ಮ. ಮದುಮಗಳು ಎರಡೂ ಕೈ ಚಾಚಿ ತಡವರಿಸುತ್ತ ಮೊದಲು ಹುಣಸೆಮರವನ್ನು ಮುಟ್ಟಿತು, ಆಮೇಲೆ ಎಮ್ಮೆಯನ್ನು ಮುಟ್ಟಿತು, ಕೊನೆಗೆ ಕ್ಯಾಮೆರಾ ಸಿಕ್ಕಿತು. ಆಗ ಅವನಿಗೆ ಎದುರಿನಿಂದ ಎಂದೂ ಕೇಳದ ಸದ್ದೊಂದು ಕೇಳಿಸಿತು. ಬಳೆ ನಗುತ್ತಿತ್ತು, ಕಾಲುಂಗುರ ನಗುತ್ತಿತ್ತು, ಅವನ ಹೆಂಡತಿ ಪಾರ್ವತೆಮ್ಮ ನಗುತ್ತಿದ್ದಳು, ಇವರೆಲ್ಲರ ಮೇಲೆ ಗೊಲ್ಲಾಳಮ್ಮನ ಬೊಚ್ಚುಬಾಯಿಯ ನಗೆ. ಫೋಟೋದಲ್ಲಿ ನಕ್ಕವರನ್ನು ಅವನು ಆವರೆಗೆ ಕಂಡಿರಲಿಲ್ಲ. ಬೆರಳಿನಿಂದಲೇ ಮುಚ್ಚಳ ತೆಗೆದ, ಎಣಿಸಿದ, ಹಾಕಿದ.

ಸೈಕಲ್ ಏರಿ ಶಹಾಪುರಕ್ಕೆ ಓಡಿದ. ಪ್ಲೇಟು ತೊಳೆದು ಕಾಗದಕ್ಕೆ ಇಳಿಸುವವನು ಅಲ್ಲಿನ ಮಸ್ತಾನಸಾಬ. ಕತ್ತಲೆ ಕೋಣೆಯಿಂದ ಹೊರಬಂದ ಮಸ್ತಾನಸಾಬ ಕಣ್ಣೊರೆಸಿಕೊಂಡ.

"ಅರೇ ಭಾಯಿ, ಇಷ್ಟು ವರ್ಷ ಬೊಂಬಿ ತೊಳದೀನಿ. ಇವತ್ತ ಮನಷ್ಯಾರನ್ನ ತೊಳದೆ. ತಗೋ, ನೋಡು."

"ಬ್ಯಾಡ, ಸುತ್ತಿಕೊಡು. ಮೊದಲ ಅವ್ವ ನೋಡಲಿ" ಎಂದ ಅಯ್ಯಣ್ಣ. ತಾಯಿಗಿಂತ ಮೊದಲು ತಾನು ನೋಡುವುದು ಅವನಿಗೆ ಸರಿಕಾಣಲಿಲ್ಲ. ಮಸ್ತಾನಸಾಬ ಫೋಟೋವನ್ನು, ಜೊತೆಗೆ ಗಾಜಿನ ಪ್ಲೇಟನ್ನೂ ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟ.

ದೀಪ ಹಚ್ಚುವ ಹೊತ್ತಿಗೆ ಅಯ್ಯಣ್ಣ ಹೊಸ್ತಿಲಲ್ಲಿ ಕೆಮ್ಮಿದ. ಗಂಟು ತಾಯಿಯ ಕೈಗೆ ಹೋಯಿತು. ಗೊಲ್ಲಾಳಮ್ಮ ಕಂದೀಲಿಗೆ ಹಿಡಿದು ನೋಡಿದಳು, ಸೆರಗಿನಿಂದ ಕಣ್ಣೊತ್ತಿಕೊಂಡಳು. ಸೊಸೆಯಂದಿರು ಅವಳ ಹಿಂದೆ ಕೂತು ನೋಡಿದರು. ತಮ್ಮಂದಿರು ನೋಡಿದರು. ದುರಗಮ್ಮ ಎರಡು ಸಲ ನೋಡಿದಳು. ಭಗವಂತರಾಯ ಮಾಸ್ತರರು ಕನ್ನಡಕ ಒರೆಸಿಕೊಂಡು ನೋಡಿ, "ಇದು ನೋಡು ಏಕೀಕರಣ" ಎಂದರು.

"ಇತ್ತ ಕೊಡಬೇ, ನಾ ನೋಡ್ತೀನಿ" ಎಂದು ಅಯ್ಯಣ್ಣ ಕೈ ಚಾಚಿದ.

ಗೊಲ್ಲಾಳಮ್ಮ ಫೋಟೋವನ್ನು ಎದೆಗೆ ಬೋರಲು ಒತ್ತಿಕೊಂಡಳು.

"ನೀ ಹ್ಯಾಂಗ ನೋಡ್ತೀಯೋ? ನೀ ಭಾವ ಆಗಬೇಕು."

"ಅವ್ವಾ, ಇದು ಬರೇ ಕಾಗದ."

"ಕಾಗದದ ಮ್ಯಾಲಿದ್ರೂ ಮಾರಿ ಮಾರಿನೇ. ನಕ್ಕೋಂತ ಬ್ಯಾರೆ ಕುಂತಾರ. ಎಷ್ಟು ಛಂದ ತೆಗದೀಯಪ್ಪಾ, ನಿನ್ನ ಕೈಗೆ ಬಂಗಾರದ ಕಡಗ ಹಾಕಬೇಕು. ಆದ್ರ ನೀ ನೋಡಂಗಿಲ್ಲ."

ಅಯ್ಯಣ್ಣ ಮಾಸ್ತರರ ಕಡೆ ನೋಡಿದ. ಈ ಏಕೀಕರಣ ತಮ್ಮ ಕೈಮೀರಿದ್ದೆಂದು ಅವರು ಚಪ್ಪಲಿ ಹುಡುಕಿಕೊಂಡರು. ಅದರಿಂದ ಇನ್ನೊಂದು ಫೋಟೋ ಇಳಿಸಬಾರದೆಂದು ಗಾಜಿನ ಪ್ಲೇಟು ಗೊಲ್ಲಾಳಮ್ಮನ ಸಂದೂಕಿಗೆ ಹೋಗಿ ಬೀಗ ಬಿತ್ತು. ಫೋಟೋ ಮೊಳೆಗೆ ಏರಿತು, ಅದರ ಮೇಲೆ ಅಯ್ಯಣ್ಣನ ಕರಿಬಟ್ಟೆ ಪರದೆಯಾಗಿ ಇಳಿಯಿತು.

"ಅವ್ವಾ, ನಾಳೆ ಸುರಪುರದ ಮದುವಿಗೆ ನನಗ ಆ ಬಟ್ಟಿ ಬೇಕು."

"ಕಂಬಳಿ ಒಯ್ಯಿ" ಎಂದಳು ತಾಯಿ.

ಅಯ್ಯಣ್ಣ ಹೆಂಡತಿಯ ಕಡೆ ತಿರುಗಿ, "ನೀನರ ಹೇಳು, ಹ್ಯಾಂಗ ಬಂದದ?" ಎಂದ.

"ಛಲೋ ಬಂದದ್ರಿ" ಎಂದಳು ಪಾರ್ವತೆಮ್ಮ, ಅದಕ್ಕಿಂತ ಒಂದು ಮಾತು ಹೆಚ್ಚು ಹೇಳಲಿಲ್ಲ.

ಕಾಲು ತೊಳೆಯಲು ಅಂಗಳಕ್ಕೆ ಹೋದ. ಒಳಗೆ ಪರದೆ ಸರಿದಿರಬೇಕು. ಬಳೆ, ಕಾಲುಂಗುರ, ತಾಯಿ, ಎಲ್ಲರೂ ಬೆಳಗಿನ ನಗೆಯನ್ನೇ ಮತ್ತೆ ನಗುತ್ತಿದ್ದರು. ಅವನಿಗೂ ನಗು ಬಂತು. ತಂಬಿಗೆ ಕೆಳಗಿಟ್ಟು, ಮನೆಯ ಪದ್ಧತಿಯಂತೆ ಹೊಸ್ತಿಲಲ್ಲಿ ನಿಂತು ಕೆಮ್ಮಿದ. ಒಳಗೆ ಎರಡು ಸೆರಗು ಇಳಿದವು, ಅವುಗಳ ಹಿಂದೆಯೇ ಗೋಡೆಯ ಮೇಲಿನ ಮೂರನೆಯದೂ ಇಳಿಯಿತು. ಅಯ್ಯಣ್ಣ ಒಳಗೆ ಬಂದು ಕರಿಬಟ್ಟೆಗೆ ಎದುರಾಗಿ ಊಟಕ್ಕೆ ಕೂತ.