ಎಲ್ಲರಿಗೂ ನೂರಿಪ್ಪತ್ತು–ಎಂಬತ್ತು ತೋರಿಸುವ ಯಂತ್ರಕ್ಕೆ

ಹೆರಿಗೆ ಆಸ್ಪತ್ರೆಯ ಮೂರನೇ ಕೋಣೆಯ ಮೇಜಿನ ಮೇಲೆ ಬಹುಕಾಲ ವಿರಾಜಮಾನರಾಗಿದ್ದ ಬಿಪಿ ಯಂತ್ರದವರ ಸನ್ನಿಧಾನಕ್ಕೆ, ನಾಲ್ಕನೇ ಕ್ಲಾಸಿನವರೆಗೆ ಓದಿದ ಅಜ್ಜಿಯೊಬ್ಬಳ ಬೆನ್ನು ಬಾಗಿದ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ. ನನ್ನ ಮೊಮ್ಮಗಳು ಕ್ಷೇಮವಿಲ್ಲ. ಅವಳು ಅವಳಿ ಮಕ್ಕಳ ಬಸುರಿಯಾಗಿದ್ದಳು. ಒಂದು ಜೀವ ಹೊತ್ತವಳಿಗಿಂತ ಎರಡು ಹೊತ್ತವಳಿಗೆ ಬಿಪಿ ಏರುವ ಭಯ ಹೆಚ್ಚು, ಆಗಾಗ ಅಳೆಯುತ್ತಿರಬೇಕು ಎಂದು ತಮ್ಮ ಹಿಂದಿನ ಗೋಡೆಯಲ್ಲೇ ಚಿತ್ರಸಮೇತ ಅಂಟಿಸಿದ್ದಾರೆ. ನಾನು ಅಕ್ಷರ ಕೂಡಿಸಿಕೊಂಡು ಓದಿದೆ. ತಮಗೆ ಬೆನ್ನ ಹಿಂದಿನದು ಕಾಣದು, ತಮ್ಮ ತಪ್ಪಲ್ಲ.

ಏಳನೇ ತಿಂಗಳಿಗೆ ಅವಳ ಪಾದ ಊದಿ ಚಪ್ಪಲಿಯೊಳಗೆ ಹೋಗದಾಯಿತು, ತಲೆ ಸಿಡಿಯತೊಡಗಿತು, ಕಣ್ಣ ಮುಂದೆ ಕಿಡಿ ಹಾರಿದವು. ತಾವು ಅವಳ ತೋಳನ್ನು ಅಪ್ಪಿಕೊಂಡು, ಸೀಳಿದ ಕೊಳವೆಯಿಂದ ಬುಸ್ಸೆಂದು ನಿಟ್ಟುಸಿರು ಬಿಟ್ಟಿರಿ. ನರ್ಸಮ್ಮ ತಮ್ಮ ಮುಳ್ಳಿನ ಕಡೆ ನೋಡದೆಯೇ ನೂರಿಪ್ಪತ್ತು–ಎಂಬತ್ತು ಎಂದು ಬರೆದರು. ಬೆಂಚಿನ ಮೇಲಿದ್ದ ಹನ್ನೊಂದು ಬಸುರಿಯರ ಚೀಟಿ ಇಣುಕಿದೆ, ಎಲ್ಲರಿಗೂ ಅದೇ. ಮೂವತ್ತು ವರ್ಷದಿಂದ ಬಿಪಿ ಗುಳಿಗೆ ನುಂಗುವ ನಾನು ತೋಳು ಚಾಚಿದರೆ ನನಗೂ ಅದೇ. ಹೆತ್ತವರೇ ಮಕ್ಕಳಲ್ಲಿ ಭೇದ ಮಾಡುವ ಈ ಕಾಲದಲ್ಲಿ ತಮ್ಮ ಸಮದೃಷ್ಟಿಗೆ ಕೈ ಮುಗಿಯಬೇಕು.

ಮಿಷನ್ನು ಕೆಟ್ಟಿದೆಯಲ್ಲಮ್ಮ ಎಂದೆ. ಅವಳಿ ಅಂದ್ಮೇಲೆ ಕಾಲು ಊದದೆ ಇನ್ನೇನಾಗುತ್ತೆ, ನೀವೇನು ಡಾಕ್ಟ್ರಾ ಅಜ್ಜಿ ಎಂದರು ನರ್ಸಮ್ಮ. ಅಲ್ಲ ತಾಯಿ, ಆಗಿದ್ದರೆ ನಾನೂ ನೋಡದೆ ಸಹಿ ಹಾಕುತ್ತಿದ್ದೆ.

ಮೂರನೇ ದಿನ ಅವಳಿಗೆ ಫಿಟ್ಸ್ ಬಂತು. ದೊಡ್ಡಾಸ್ಪತ್ರೆಯ ಯಂತ್ರ ತಮ್ಮಷ್ಟು ನಾಜೂಕಿನದಲ್ಲ, ನೂರೆಂಬತ್ತು–ನೂರಿಪ್ಪತ್ತು ಎಂದು ಇದ್ದದ್ದನ್ನು ಇದ್ದ ಹಾಗೆ ಬಾಯಿಬಿಟ್ಟಿತು. ಅಂದೇ ಹೊಟ್ಟೆ ಕೊಯ್ದು ಎರಡು ಹೆಣ್ಣು ಕೂಸುಗಳನ್ನು ತೆಗೆದು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ತಾಯಿ ಕಣ್ಣು ಬಿಟ್ಟಿದ್ದಾಳೆ, ಆದರೆ ನೋಟವೆಲ್ಲ ಮಂಜು; ಮಕ್ಕಳು ಯಾರ ಹಾಗಿವೆ ಅಜ್ಜಿ ಎಂದು ನನ್ನನ್ನು ಕೇಳುತ್ತಾಳೆ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಚೀಟಿಯಲ್ಲಿ ಬರೆದಿರುವಷ್ಟೇ ಆರೋಗ್ಯವನ್ನು, ಒಂದಂಕೆ ಹೆಚ್ಚೂ ಬೇಡ ಕಡಿಮೆಯೂ ಬೇಡ, ಅವಳ ಮೈಗೆ ತಲುಪಿಸಿ. ಚೀಟಿ ನನ್ನ ಬಳಿ ಭದ್ರವಾಗಿದೆ, ಸೀಲೂ ಬಿದ್ದಿದೆ.

ಯಾವ ಮುಳ್ಳಿನ ಅಳತೆಗೂ ಸಿಗದ ಗೌರವದೊಂದಿಗೆ,
ತಮ್ಮ ವಿಶ್ವಾಸಿ,
ಅವಳಿಗಳ ಮುತ್ತಜ್ಜಿ

ತಾ.ಕ.: ಹಳೆಯ ಚೀಟಿ ಕೇಳಲು ಹೋದ ದಿನ ತಮ್ಮನ್ನೂ ಎತ್ತಿ ಕೈಚೀಲಕ್ಕೆ ಹಾಕಿಕೊಂಡು ಬಂದೆನಷ್ಟೆ, ಹುಡುಕಿಕೊಂಡು ಬಂದವರ ಹತ್ತಿರ ನಾಲ್ಕು ಮಾತಾಡೋಣವೆಂದು ಎಂಟು ದಿನದಿಂದ ಕಾದಿದ್ದೇನೆ. ಯಾರೂ ಬಂದಿಲ್ಲ. ನಿನ್ನೆ ಪಕ್ಕದ ಮನೆಯ ಬಸುರಿ ಸೊಸೆ ಅದೇ ಮೂರನೇ ಕೋಣೆಯಲ್ಲಿ ತೋರಿಸಿಕೊಂಡು ಬಂದಳು. ಅವಳ ಚೀಟಿಯಲ್ಲೂ ನೂರಿಪ್ಪತ್ತು–ಎಂಬತ್ತು.